ಗಾಣದ ಕೇರಿಯ ಮೊಸರು

ನಮ್ಮ ಊರಲ್ಲಿ ಹೆಣ್ಣು ನೋಡಲು ಬಂದವರು ಹುಡುಗಿಯ ಮುಖ ನೋಡುವುದಕ್ಕೆ ಮೊದಲು ಮೊಸರು ನೋಡುತ್ತಾರೆ. ಉಪ್ಪಿಟ್ಟು, ಕೇಸರಿಬಾತು ಎಲ್ಲ ಆಮೇಲೆ. ಹಿಂದಿನ ಸಂಜೆ ಹೆಪ್ಪು ಹಾಕಿದ ಮೊಸರನ್ನು ಬಟ್ಟಲಲ್ಲಿ ತಂದಿಡಬೇಕು. ಬಂದವರಲ್ಲಿ ಹಿರಿಯಳಾದವಳು ಅದರಲ್ಲಿ ಚಮಚ ನೆಟ್ಟು ನೋಡುತ್ತಾಳೆ. ಚಮಚ ನಿಂತರೆ ಮಾತು ಮುಂದುವರಿಯುತ್ತದೆ. ವಾಲಿದರೆ ‘ಜಾತಕ ಇನ್ನೊಂದು ಸಲ ತೋರಿಸ್ತೀವಿ’ ಎಂದು ಎದ್ದು ಹೋಗುತ್ತಾರೆ. ಅಂಗಡಿಯಿಂದ ತಂದು, ಬೇರೆ ಕೇರಿಯ ನೆಂಟರ ಮನೆಯಿಂದ ಸೆರಗಿನಲ್ಲಿ ಮುಚ್ಚಿಕೊಂಡು ತಂದು ಮಾನ ಉಳಿಸಿಕೊಳ್ಳಲು ನೋಡಿದವರಿದ್ದಾರೆ. ಅದು ನಡೆಯುವುದಿಲ್ಲ. ಒಂದು ಕೇರಿಯ ಗಡಿ ದಾಟಿ ಒಳಗೆ ಬಂದ ಮೊಸರು ಬಂದ ಗಳಿಗೆಯಲ್ಲೇ ಆ ಕೇರಿಯ ಮೊಸರಾಗಿಬಿಡುತ್ತದೆ.

ಕ್ಯಾನ್ಸರ್ ಹೆಚ್ಚಿರುವ ಕೇರಿಯಲ್ಲಿ ಹಾಲು ಹೆಪ್ಪುಗಟ್ಟುವುದಿಲ್ಲ, ಅಷ್ಟೇ ವಿಷಯ. ಇಲ್ಲದಿದ್ದರೆ ಗಟ್ಟಿ, ಸ್ವಲ್ಪ ಇದ್ದರೆ ತೆಳು, ಬಹಳ ಇದ್ದರೆ ಎರಡು ದಿನ ಬಿಟ್ಟರೂ ಹಾಲು ಹಾಲೇ. ಮನೆಯ ಲೆಕ್ಕವಲ್ಲ, ಕೇರಿಯ ಲೆಕ್ಕ. ಒಂದೇ ಮನೆಯಲ್ಲಿ ಅಪ್ಪ ಮಗ ಇಬ್ಬರಿಗೂ ಬಂದು, ಎದುರು ಮನೆಯವರು ಗುಂಡುಕಲ್ಲಿನ ಹಾಗಿದ್ದರೂ ಎರಡೂ ಮನೆಯ ಮೊಸರು ಒಂದೇ. ಹೊರ ಊರಿನವರು ಬಂದು ಇದೇಕೆ ಹೀಗೆ ಎಂದು ಕೇಳುತ್ತಾರೆ. ನಿಮ್ಮ ಊರಲ್ಲಿ ಹಾಲು ಏಕೆ ಹೆಪ್ಪುಗಟ್ಟುತ್ತದೆ ಎಂದು ನಾವೇನು ಅವರನ್ನು ಕೇಳಿದ್ದೇವೆಯೇ?

ಲೆಕ್ಕ ಕೇರಿಯದಾದ್ದರಿಂದ ಅದರಲ್ಲಿ ಏನೇನೋ ಚೋದ್ಯಗಳು. ಮಠದ ಓಣಿಯಲ್ಲಿ ಇರುವುದೇ ಬೆರಳೆಣಿಕೆಯಷ್ಟು ಮನೆ. ಅಲ್ಲಿ ಒಬ್ಬ ಮುದುಕನಿಗೆ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು ಎಂದು ಆ ವರ್ಷವೆಲ್ಲ ಇಡೀ ಓಣಿಗೆ ಮೊಸರಿಲ್ಲ. ಬಾಡಿಗೆದಾರರು ಪಾತ್ರೆ ಪಡಗ ಕಟ್ಟಿಕೊಂಡು ಓಡಿದರು. ಮುದುಕ ತೀರಿಕೊಂಡ ಮೇಲೆ ಮರುವರ್ಷ ಓಣಿಯ ಮೊಸರು ಬೆಣ್ಣೆಯಂತಾಯಿತು. ಓಡಿದವರೇ ಹೆಚ್ಚು ಬಾಡಿಗೆಗೆ ಒಪ್ಪಿ ವಾಪಸು ಬಂದರು. ಇನ್ನು ನಮ್ಮ ಪುರಸಭೆಯವರ ಜಾಣತನ ಕೇಳಬೇಕು. ಬಣ್ಣಗಾರರ ಕೇರಿಯಲ್ಲಿ ಹಾಲು ಹೆಪ್ಪುಗಟ್ಟುತ್ತಿಲ್ಲ ಎಂದು ಗಲಾಟೆಯಾದಾಗ ಅವರು ಕೇರಿಯ ಹೆಸರಿನ ಫಲಕ ಕಿತ್ತು ಸಂತೆ ಬೀದಿಯ ಆ ತುದಿಗೆ ನೆಟ್ಟರು. ಅಲ್ಲಿಗೆ ದೊಡ್ಡ ಸಂತೆ ಬೀದಿಯೂ ಪುಟ್ಟ ಬಣ್ಣಗಾರರ ಕೇರಿಯೂ ಒಂದೇ ಕೇರಿಯಾಯಿತು. ಮಾರನೆಯ ಬೆಳಗ್ಗೆ ಬಣ್ಣಗಾರರ ಮನೆಗಳಲ್ಲಿ ಹಾಲು ತಕ್ಕಮಟ್ಟಿಗೆ ಹೆಪ್ಪುಗಟ್ಟಿತ್ತು. ಅಧ್ಯಕ್ಷರಿಗೆ ಹಾರ ಹಾಕಿದರು. ಕಾಯಿಲೆ ಬೀಳುವವರು ಬೀಳುತ್ತಲೇ ಇದ್ದರು. ಸಂತೆ ಬೀದಿಯವರು ತಮ್ಮ ಮೊಸರು ತೆಳುವಾಯಿತೆಂದು ಕೋರ್ಟಿಗೆ ಹೋಗಿ ಫಲಕವನ್ನು ಮತ್ತೆ ಹಿಂದಕ್ಕೆ ಹಾಕಿಸಿದರು.

ಇನ್ನೊಂದು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹಾಲಿಗೆ ತಿಳಿಯುವುದು ಹೊಸ್ತಿಲು ದಾಟಿ ಹೇಳಿದ ಕಾಯಿಲೆ ಮಾತ್ರ. ಡಾಕ್ಟರಿಗೆ ಹೇಳಿದರೂ ಸರಿ, ಪಕ್ಕದ ಮನೆಯವಳಿಗೆ ಹೇಳಿದರೂ ಸರಿ, ಬಾಯಿಬಿಟ್ಟು ಹೊರಗೆ ಹೇಳಬೇಕು. ಹೇಳದೆ ಒಳಗೇ ಇಟ್ಟುಕೊಂಡ ಗಡ್ಡೆ ಎಷ್ಟು ದೊಡ್ಡದಾದರೂ ಹಾಲಿಗೆ ಅದರ ಸುಳಿವಿಲ್ಲ. ಇದು ಊರಿಗೆಲ್ಲ ಗೊತ್ತು, ಯಾರೂ ಆಡುವುದಿಲ್ಲ. ಪ್ರತಿ ವರ್ಷ ಮಾಘದಲ್ಲಿ, ಯಾವ ಕೇರಿಗೂ ಸೇರದ ಊರಬಾಗಿಲ ಬಳಿ ಚಪ್ಪರ ಹಾಕಿ ಮೊಸರು ನೋಡುವ ದಿನ ಮಾಡುತ್ತಾರೆ. ಒಂದೊಂದು ಕೇರಿಯಿಂದ ಒಂದೊಂದು ಗಡಿಗೆ. ಎಲ್ಲರ ಎದುರು ಗಡಿಗೆ ಮಗುಚುತ್ತಾರೆ. ಬೀಳದೆ ನಿಂತ ಕೇರಿಯ ಹೆಣ್ಣುಗಳಿಗೆ ಆ ವರ್ಷ ಸಂಬಂಧ ಕೂಡಿಬರುತ್ತದೆ, ಮನೆಗಳಿಗೆ ಬಾಡಿಗೆ ಬರುತ್ತದೆ, ಗಂಡಸರು ಎದೆಯುಬ್ಬಿಸಿಕೊಂಡು ಓಡಾಡುತ್ತಾರೆ. ಅದಕ್ಕಾಗಿ ಅದರ ಹಿಂದಿನ ತಿಂಗಳು ಯಾರೂ ಆಸ್ಪತ್ರೆಯ ಕಡೆ ಮುಖ ಹಾಕಬಾರದೆಂದು ಕಟ್ಟುಪಾಡು. ಬೇರೆ ಕೇರಿಗಳಲ್ಲಿ ಅದು ತಿಂಗಳ ಮಾತು. ನಮ್ಮ ಗಾಣದ ಕೇರಿಯಲ್ಲಿ ಅದು ಬೆಳೆದು ಬೆಳೆದು ಹನ್ನೆರಡು ತಿಂಗಳಿನ ಮಾತಾಗಿತ್ತು. ಅದಕ್ಕೇ ನಮ್ಮ ಮೊಸರನ್ನು ಚಾಕುವಿನಿಂದ ಕತ್ತರಿಸಬಹುದು ಎನ್ನುತ್ತಿದ್ದರು.

ನಾನು ಆ ಕೇರಿಯಲ್ಲಿ ರವಿಕೆ ಹೊಲಿಯುವವಳು, ಹೆಸರು ತುಂಗಮ್ಮ. ಗಂಡ ಹೋದ ಮೇಲೆ ಮೈದುನ ರಂಗಪ್ಪನ ಸಂಸಾರದ ಜೊತೆಗೇ ಇದ್ದೆ. ಅವನ ಹೆಂಡತಿ, ನನ್ನ ಓರಗಿತ್ತಿ ಸುಭದ್ರೆ. ಓರಗಿತ್ತಿಯರೆಂದರೆ ಒಲೆ ಬೇರೆ ಮಾಡಿಕೊಳ್ಳುವವರೆಗೆ ಜಗಳ ಎನ್ನುತ್ತಾರೆ. ನಾವೂ ಜಗಳವಾಡುತ್ತಿದ್ದೆವು, ಆದರೆ ಒಲೆ ಬೇರೆ ಮಾಡಲಿಲ್ಲ. ಅವಳು ಮದುವೆಯಾಗಿ ಬಂದಾಗ ಹದಿನೆಂಟರ ಹುಡುಗಿ, ತಲೆ ಬಾಚಿಕೊಳ್ಳಲು ಬಾರದು. ನಾನೇ ಜಡೆ ಹಾಕುತ್ತಿದ್ದೆ. ಅವಳಿಗೆ ಒಬ್ಬಳೇ ಮಗಳು, ಚಂದ್ರಿ. ನನಗೆ ಮಕ್ಕಳಿಲ್ಲ. ಚಂದ್ರಿ ಹಸಿದಾಗ ಅಮ್ಮನನ್ನೂ ಪೆಟ್ಟು ತಿಂದಾಗ ನನ್ನನ್ನೂ ಹುಡುಕಿಕೊಂಡು ಬರುತ್ತಿದ್ದಳು.

ಆ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಸುಭದ್ರೆ ತನ್ನ ರವಿಕೆ ಹಿಡಿದುಕೊಂಡು ಮಿಷನ್ನಿನ ಹತ್ತಿರ ಬಂದಳು. ‘ಅಕ್ಕ, ಎಡಗಡೆ ಕಂಕುಳಲ್ಲಿ ಯಾಕೋ ಬಿಗಿ ಆಗ್ತಿದೆ. ಒಂಚೂರು ಬಿಚ್ಚಿ ಹೊಲಿದುಕೊಡು,’ ಎಂದಳು.

‘ಒಂದೇ ಕಡೆನಾ?’ ಎಂದೆ.

‘ಒಂದೇ ಕಡೆ.’

ದಪ್ಪಗಾದ ಹೆಂಗಸಿಗೆ ರವಿಕೆ ಎರಡೂ ಕಡೆ ಬಿಗಿಯಾಗುತ್ತದೆ. ಒಂದೇ ಕಡೆ ಬಿಚ್ಚಿಕೊಡು ಎಂದು ಕೇಳಿದವರನ್ನು ನಮ್ಮ ಕೇರಿಯಲ್ಲಿ ನಾನು ಮುಂಚೆಯೂ ನೋಡಿದ್ದೆ. ಅವರು ಕಣ್ಣು ತಪ್ಪಿಸಿ ಕೇಳುತ್ತಿದ್ದರು, ನಾನು ತಲೆ ಎತ್ತದೆ ಹೊಲಿದುಕೊಡುತ್ತಿದ್ದೆ. ಕೇರಿಯ ರೀತಿಯೇ ಅದು. ಆದರೆ ಇವಳು ನನ್ನವಳು. ರವಿಕೆ ಕೆಳಗಿಟ್ಟು ಬಾಗಿಲ ಅಗಳಿ ಹಾಕಿ ಕೈಯಿಟ್ಟು ನೋಡಿದೆ. ಹಸಿ ಅಡಿಕೆಕಾಯಿಯಷ್ಟು ಗಟ್ಟಿ. ಕೈಗೆ ಸಿಕ್ಕ ಮೇಲೆ ಕೈ ತೆಗೆಯಲು ನನಗೆ ಆಗಲಿಲ್ಲ.

‘ಯಾವಾಗಿಂದ?’

‘ಶ್ರಾವಣದಿಂದ ಇರಬೇಕು.’

‘ಶ್ರಾವಣದಿಂದ! ನಡಿ, ಈಗಲೇ ಡಾಕ್ಟರಮ್ಮನ ಹತ್ತಿರ ಹೋಗೋಣ.’

‘ಅಕ್ಕ, ಹುಚ್ಚು ಹಿಡಿದಿದ್ಯಾ ನಿನಗೆ?’ ಎಂದು ಅವಳು ನನ್ನ ಕೈ ಕೊಡವಿದಳು. ‘ಕಮಾನು ಬೀದಿಯವರು ಚಂದ್ರೀನ ಒಪ್ಪಿರೋದು ನಮ್ಮ ಕೇರಿ ನೋಡಿ. ಮೊಸರು ನೋಡೋ ದಿನ ಆದ್ಮೇಲೆ ತಾಂಬೂಲ ಬದಲಾಯಿಸೋಣ ಅಂದಿದಾರೆ. ವೈಶಾಖದಲ್ಲಿ ಮದುವೆ. ಅದೊಂದು ಮುಗೀಲಿ. ಮಾರನೇ ದಿನ ನಾನೇ ಬರ್ತೀನಿ, ನೀನು ಕರೀಲೇಬೇಡ.’

‘ಅಷ್ಟರೊಳಗೆ ಇದು ಸುಮ್ನೆ ಕೂತಿರತ್ತೇನೇ?’

‘ಕೂತಿರತ್ತೆ. ನೋವೇ ಇಲ್ಲ, ನಿಜವಾಗ್ಲೂ,’ ಎಂದಳು. ನೋವಿಲ್ಲ ಎಂದು ಹೇಳುವಾಗ ಅವಳ ಮುಖದಲ್ಲಿ ಎಂಥ ಸಮಾಧಾನವಿತ್ತು ಎಂದರೆ ನನಗೆ ಅವಳ ಕೆನ್ನೆಗೆ ಬಾರಿಸಬೇಕು ಎನ್ನಿಸಿತು. ಬಾರಿಸಲಿಲ್ಲ. ರವಿಕೆ ಬಿಚ್ಚಿ ಹೊಲಿದುಕೊಟ್ಟೆ.

ರಂಗಪ್ಪನಿಗೆ ಹೇಳಿದೆ. ಅವನು ಹಿಟ್ಟಿನ ಗಿರಣಿಯಲ್ಲಿ ಕೆಲಸ ಮಾಡುವವನು, ಮಾತು ಕಡಿಮೆ. ‘ಅತ್ತಿಗೆ, ಅವಳೇ ಬೇಡ ಅಂತಾಳಲ್ಲ,’ ಎಂದ. ಗಂಡಸರಿಗೆ ಹೆಂಡತಿಯ ಮಾತು ಕೇಳಬೇಕು ಎಂಬ ಬುದ್ಧಿ ಇಂಥ ಹೊತ್ತಿನಲ್ಲೇ ಬರುವುದು.

ಬಣ್ಣಗಾರರ ಕೇರಿಗೆ ನಾನು ಹೊಲಿದ ರವಿಕೆಗಳನ್ನು ಕೊಡಲು ಹೋಗುತ್ತಿದ್ದೆ. ನಮ್ಮ ಕೇರಿಗೂ ಅವರ ಕೇರಿಗೂ ನಡುವೆ ಇರುವುದು ಒಂದು ಚರಂಡಿ. ಅವರ ಮನೆಗಳ ಹಿತ್ತಲೂ ನಮ್ಮ ಮನೆಗಳ ಹಿತ್ತಲೂ ಅದಕ್ಕೇ ತೆರೆದುಕೊಂಡಿವೆ. ಬಣ್ಣದ ತೊಟ್ಟಿಗಳ ನೀರು ಒಂದು ದಿನ ಕೆಂಪು, ಒಂದು ದಿನ ಹಸಿರು ಆಗಿ ಇಬ್ಬರ ಬಾವಿಗಳ ಪಕ್ಕದಲ್ಲೂ ಹರಿಯುತ್ತದೆ. ಅವರದು ಊರಿನ ಅತಿ ಕೆಟ್ಟ ಕೇರಿ, ನಮ್ಮದು ಅತಿ ಒಳ್ಳೆಯದು. ಅವರ ಮನೆಗಳಲ್ಲಿ ಹೆಪ್ಪು ಹಾಕುವುದನ್ನೇ ಬಿಟ್ಟಿದ್ದಾರೆ, ಹಾಲನ್ನು ಹಾಗೇ ಅನ್ನಕ್ಕೆ ಹಾಕಿಕೊಳ್ಳುತ್ತಾರೆ. ಅಲ್ಲಿ ಹೆಣ್ಣು ಕೇಳುವವರಿಲ್ಲ, ತಮ್ಮತಮ್ಮಲ್ಲೇ ಕೊಟ್ಟು ತಂದುಕೊಳ್ಳುತ್ತಾರೆ. ಕಳೆದುಕೊಳ್ಳಲು ಮಾನವಿಲ್ಲದ್ದರಿಂದ ತಲೆ ನೋವು ಬಂದರೂ ಆಸ್ಪತ್ರೆಗೆ ಓಡುತ್ತಾರೆ.

ಆ ವಾರ ಅಲ್ಲಿಗೆ ಹೋದಾಗ ಹನುಮಕ್ಕ ಎಂಬ ಮುದುಕಿ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅವಳ ಬಲಗಡೆಯ ಎದೆ ತೆಗೆದು ಎಷ್ಟೋ ವರ್ಷವಾಗಿತ್ತು. ಆ ಕಡೆಗೆ ಬಟ್ಟೆ ತುಂಬಿ ಹೊಲಿದುಕೊಡು ಎಂದು ನನಗೇ ಹೇಳುತ್ತಿದ್ದಳು, ನಾಚಿಕೆಯಿಲ್ಲದೆ, ಗಟ್ಟಿ ಗಂಟಲಲ್ಲಿ. ಅವಳ ಪಕ್ಕದಲ್ಲಿ ಇನ್ನೊಬ್ಬ ಮುದುಕಿ, ಎದುರು ಜಗಲಿಯಲ್ಲಿ ಮತ್ತಿಬ್ಬರು. ನಾನು ನಿಂತಲ್ಲೇ ನಿಂತೆ.

‘ಏನ್ ತುಂಗಕ್ಕ, ದೆವ್ವ ಕಂಡೋರ ಹಂಗೆ ನಿಂತ್ಬಿಟ್ಟೆ?’ ಎಂದಳು ಹನುಮಕ್ಕ.

ದೆವ್ವವಲ್ಲ, ಮುದುಕಿಯರು. ನಮ್ಮ ಕೇರಿಯ ಜಗಲಿಗಳಲ್ಲಿ ಮುದುಕಿಯರೇ ಇರಲಿಲ್ಲ. ಇದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಒಬ್ಬಳು ಎದೆನೋವಿನಿಂದ ಹೋದಳು, ಒಬ್ಬಳು ಗಾಳಿ ಸೋಕಿ ಹೋದಳು, ಒಬ್ಬಳು ಊಟ ಸೇರದೆ ಹೋದಳು ಎಂದು ಒಬ್ಬೊಬ್ಬರಿಗೂ ಒಂದೊಂದು ಕಾರಣ ಹೇಳಿಕೊಂಡು, ಎಲ್ಲರೂ ಮೊಮ್ಮಕ್ಕಳನ್ನು ನೋಡುವ ಮೊದಲೇ ಹೋಗಿದ್ದರು. ಮನೆಗೆ ಬಂದು ಸುಭದ್ರೆಗೆ ಇದನ್ನೇ ಹೇಳಿದೆ. ನಮ್ಮ ಅತ್ತೆ ಯಾವುದರಿಂದ ಹೋದರು ಹೇಳು ಎಂದೆ. ಅವಳು ಅಕ್ಕಿ ಆರಿಸುತ್ತ ತಲೆ ಎತ್ತದೆ, ‘ಚಂದ್ರಿ ಬಣ್ಣಗಾರರ ಕೇರಿಗೆ ಸೊಸೆಯಾಗಿ ಹೋಗಲಿ ಅಂತೀಯಾ?’ ಎಂದಳು. ಒಳ್ಳೆಯ ಸೀರೆಯುಟ್ಟು ಒಳ್ಳೆಯ ಬೀದಿಯಲ್ಲಿ ಓಡಾಡುವ ಚಂದ್ರಿಯೇ ನನ್ನ ಕಣ್ಣಿಗೂ ಕಟ್ಟಿದ್ದಳು.

ಪುಷ್ಯ ಬರುವಷ್ಟರಲ್ಲಿ ಅಡಿಕೆಕಾಯಿ ನಿಂಬೆಹಣ್ಣಾಗಿತ್ತು. ಅವಳು ಎಡಗೈ ಎತ್ತಿ ಅಟ್ಟದ ಮೇಲಿನ ಡಬ್ಬ ತೆಗೆಯಲಾರದೆ ಚಂದ್ರಿಯನ್ನು ಕರೆಯುತ್ತಿದ್ದಳು. ಚಂದ್ರಿಗೆ ಏನೂ ಗೊತ್ತಿರಲಿಲ್ಲ. ಸೋಮಾರಿಯಾಗ್ತಿದೀಯ ಕಣಮ್ಮ ಎಂದು ರೇಗಿಸುತ್ತಿದ್ದಳು. ಕೇರಿಯ ಯಜಮಾನರು ತಿಮ್ಮಾಶೆಟ್ಟರು ಒಂದು ಬೆಳಗ್ಗೆ ನಮ್ಮ ಮನೆಗೆ ಬಂದು ಕಾಫಿ ಕುಡಿದರು. ಬೇಡ ಬೇಡ ಎನ್ನುತ್ತ ಎರಡನೆಯ ಲೋಟವನ್ನೂ ಕುಡಿದರು. ಹೋಗುವಾಗ ಬಾಗಿಲಲ್ಲಿ ನಿಂತು, ‘ತುಂಗಮ್ಮ, ನಿಮ್ಮ ಮನೇಲಿ ಎಲ್ಲ ಸೌಖ್ಯ ತಾನೇ? ಕೇರಿ ಹೆಣ್ಮಕ್ಕಳೆಲ್ಲ ನನ್ನ ಮಕ್ಕಳಿದ್ದ ಹಾಗೆ ಕಣಮ್ಮ. ಅವರ ಬಾಳು ನಮ್ಮ ಗಡಿಗೆ ಮೇಲಿದೆ,’ ಎಂದರು. ದುಷ್ಟ ಮನುಷ್ಯರೇನಲ್ಲ. ಎಷ್ಟೋ ಬಡ ಹುಡುಗಿಯರ ಮದುವೆಗೆ ತಾವೇ ನಿಂತು ಓಡಾಡಿದವರು. ಅದಕ್ಕೇ ಅವರ ಎದುರು ಬಾಯಿ ಬರುತ್ತಿರಲಿಲ್ಲ.

ಮೊಸರು ನೋಡುವ ದಿನ ಬಂತು. ಚಪ್ಪರದ ಕೆಳಗೆ ಊರಿಗೆ ಊರೇ ನೆರೆದಿತ್ತು. ನಾನು, ಸುಭದ್ರೆ, ಚಂದ್ರಿ ನಮ್ಮ ಕೇರಿಯ ಹೆಂಗಸರ ಜೊತೆ ನಿಂತಿದ್ದೆವು. ಎದುರಿಗೆ ಕಮಾನು ಬೀದಿಯ ಜಯಲಕ್ಷ್ಮಮ್ಮ, ಚಂದ್ರಿಯ ಅತ್ತೆಯಾಗಬೇಕಾದವರು, ಜರಿ ಸೀರೆಯುಟ್ಟು ಕೂತು ಚಂದ್ರಿಯ ಕಡೆ ನೋಡಿ ನಗುತ್ತಿದ್ದರು. ಬಣ್ಣಗಾರರ ಗಡಿಗೆ ಎಂದಿನಂತೆ ಸುರಿದುಹೋಯಿತು, ಹುಡುಗರು ಕೇಕೆ ಹಾಕಿದರು. ಸಂತೆ ಬೀದಿಯದು ಅರ್ಧ ಬಿದ್ದು ಅರ್ಧ ನಿಂತಿತು. ಕೊನೆಗೆ ತಿಮ್ಮಾಶೆಟ್ಟರು ನಮ್ಮ ಗಡಿಗೆ ಎತ್ತಿ, ಒಂದು ಸುತ್ತು ತೋರಿಸಿ, ತಲೆಯ ಮೇಲೆ ಮಗುಚಿ ಹಿಡಿದರು. ಒಂದು ಹನಿ ಬೀಳಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಸುಭದ್ರೆಯೂ ತಟ್ಟಲು ಹೋದಳು. ಎಡಗೈ ಮೇಲೇಳದೆ, ಬಲಗೈಯಿಂದ ತನ್ನ ಹೊಟ್ಟೆಯ ಮೇಲೆ ತಟ್ಟಿಕೊಂಡಳು. ತುಟಿ ಕಚ್ಚಿಕೊಂಡು ನಗುತ್ತಿದ್ದಳು.

ಅದನ್ನು ನೋಡಿ ನನಗೇನಾಯಿತೋ. ಯೋಚನೆ ಮಾಡಿ ಮಾಡಿದ ಕೆಲಸವಲ್ಲ. ‘ನಮ್ಮ ಸುಭದ್ರೆಗೆ ಕ್ಯಾನ್ಸರ್ ಇದೆ!’ ಎಂದು ಕಿರುಚಿದೆ.

ಗದ್ದಲ ನಿಂತಿತು. ಗಡಿಗೆಯ ಬಾಯಲ್ಲಿ ಮೊಸರು ಸ್ವಲ್ಪ ಜಗ್ಗಿತು, ಆದರೆ ಬೀಳಲಿಲ್ಲ. ದೊಡ್ಡ ಕೇರಿ, ಒಬ್ಬಳ ಕಾಯಿಲೆಗೆ ಅಷ್ಟೇ. ತಿಮ್ಮಾಶೆಟ್ಟರು ಅದನ್ನು ಕಂಡು ಧೈರ್ಯ ತಂದುಕೊಂಡು, ‘ಒಬ್ಬಳದು ಏನೂ ಲೆಕ್ಕಕ್ಕಿಲ್ಲ. ನೋಡಿ, ನಿಂತಿದೆ! ನಿಂತಿದೆ!’ ಎಂದು ಕೂಗಿದರು. ಗಡಿಗೆ ಇನ್ನೂ ತಲೆಯ ಮೇಲೇ ಇತ್ತು.

ಆಗ ನನ್ನ ಹಿಂದಿನಿಂದ ಮೆಲ್ಲಗೆ, ‘ನನಗೂ ಇದೆ,’ ಎಂಬ ದನಿ ಬಂತು. ತಿರುಗಿ ನೋಡಿದರೆ ಲಲಿತ, ತಿಮ್ಮಾಶೆಟ್ಟರ ಸ್ವಂತ ಸೊಸೆ, ಮಗುವನ್ನು ಸೊಂಟದಲ್ಲಿಟ್ಟುಕೊಂಡು ನಿಂತವಳು. ಮತ್ತೊಬ್ಬಳು, ‘ನನಗೆ ಕೆಳಗಡೆ, ಹೋದ ವರ್ಷದಿಂದ ರಕ್ತ ಹೋಗ್ತಿದೆ,’ ಎಂದಳು. ಒಬ್ಬ ಗಂಡಸು ತನ್ನ ನಾಲಿಗೆ ಹೊರಗೆ ಚಾಚಿ ಬೆರಳಿನಿಂದ ತೋರಿಸಿದ. ಒಬ್ಬರಾದ ಮೇಲೆ ಒಬ್ಬರು ಹೇಳುತ್ತಲೇ ಹೋದರು. ಕೆಲವರು ಹೇಳಿದ ಮೇಲೆ ಕುಸಿದು ಕೂತು ಅತ್ತರು. ಗಡಿಗೆಯ ಮೊಸರು ಹಾಲಾಗಿ ದಬದಬನೆ ಸುರಿದು ತಿಮ್ಮಾಶೆಟ್ಟರ ಪೇಟ, ಶಲ್ಯ, ಪಂಚೆ ಎಲ್ಲ ತೊಯ್ದುಹೋಯಿತು. ಅವರು ಅದನ್ನು ಒರೆಸಿಕೊಳ್ಳದೆ ಸೊಸೆಯನ್ನೇ ನೋಡುತ್ತ ನಿಂತಿದ್ದರು.

ಜಯಲಕ್ಷ್ಮಮ್ಮ ಎದ್ದು ಹೋದರು. ಚಂದ್ರಿ ಅಮ್ಮನ ಕಂಕುಳಿಗೆ ಕೈ ಹಾಕಿ ನೋಡಿದಳು, ಎಲ್ಲರೆದುರಿಗೇ. ಸುಭದ್ರೆ ಅವಳ ಕೈ ಸರಿಸಿ ನನ್ನ ಕಡೆ ತಿರುಗಿ, ‘ನನ್ನ ಮಗಳನ್ನ ಬೀದಿ ಪಾಲು ಮಾಡಿದೆಯಲ್ಲ ಅಕ್ಕ,’ ಎಂದಳು. ಅಕ್ಕ ಎಂದು ಅವಳು ನನ್ನನ್ನು ಕರೆದದ್ದು ಅದೇ ಕೊನೆ.

ಮಾರನೆಯ ದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಈಗ ಬಚ್ಚಿಡುವುದಕ್ಕೆ ಏನಿತ್ತು? ಡಾಕ್ಟರಮ್ಮ ಪರೀಕ್ಷೆಗಳನ್ನೆಲ್ಲ ಮಾಡಿಸಿ, ನನ್ನನ್ನು ಹೊರಗೆ ಕರೆದು, ಮೂಳೆಗೆ ಇಳಿದಿದೆ ಎಂದರು. ‘ಮೊದಲೇ ಬಂದಿದ್ದರೆ?’ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ‘ಶ್ರಾವಣದಲ್ಲಿ ಬಂದಿದ್ದರೆ?’ ಎಂದು ಮತ್ತೆ ಕೇಳಿದೆ. ‘ಯಾಕಮ್ಮ ಕೇಳ್ತೀರಿ ಈಗ,’ ಎಂದರು. ನಾನು ಅಷ್ಟು ಕಿರುಚಿದ್ದು ಯಾರನ್ನು ಉಳಿಸಲಿಕ್ಕೋ ಅವಳಿಗೆ ಅದು ಯಾವ ಉಪಯೋಗಕ್ಕೂ ಬರಲಿಲ್ಲ. ಲಲಿತ ಉಳಿದಳು. ಅವಳದು ಇನ್ನೂ ಚಿಕ್ಕದಿತ್ತು, ತೆಗೆದುಹಾಕಿದರು. ಇನ್ನೂ ಕೆಲವರು ಉಳಿದರು. ಅವರನ್ನು ಕಂಡರೆ ಸಂತೋಷವಾಗಬೇಕು, ಆಗುತ್ತದೆ ಕೂಡ. ಆದರೆ ಅವರ ಜಾಗದಲ್ಲಿ ಸುಭದ್ರೆ ಯಾಕಿಲ್ಲ ಎಂಬ ಹಾಳು ಯೋಚನೆ ಆ ಸಂತೋಷದ ಬೆನ್ನಿಗೇ ಬರುತ್ತದೆ.

ಒಂದೇ ವರ್ಷದಲ್ಲಿ ಗಾಣದ ಕೇರಿ ಊರಿನ ಅತಿ ಕೆಟ್ಟ ಕೇರಿಯಾಯಿತು. ಬಣ್ಣಗಾರರನ್ನೂ ಹಿಂದೆ ಹಾಕಿದೆವು. ಊರಿನವರು ಇದರಿಂದ ಕಲಿತ ಪಾಠ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಬಾಯಿಬಿಟ್ಟು ಹೇಳಿದ್ದರಿಂದಲೇ ಕಾಯಿಲೆ ಹರಡಿತು ಎಂದರು. ನೋಡಿ, ಹೋದ ವರ್ಷದವರೆಗೆ ಗಾಣದ ಕೇರಿಯಲ್ಲಿ ಒಬ್ಬರಿಗೂ ಇರಲಿಲ್ಲ, ಆ ತುಂಗಮ್ಮ ಕಿರುಚಿದಳು, ಕೇರಿ ತುಂಬ ಬಂತು. ನಮ್ಮವರೇ ಅರ್ಧಕ್ಕರ್ಧ ಜನ ಮನೆ ಮಾರಿ ಬೇರೆ ಕೇರಿಗಳಿಗೆ ಹೋದರು. ಹೋದ ಕಡೆಯಲ್ಲಿ ಇನ್ನೂ ಬಿಗಿಯಾಗಿ ಬಾಯಿ ಮುಚ್ಚಿಕೊಂಡರು. ಆಸ್ಪತ್ರೆ ಬಿಡುವ ತಿಂಗಳು ಎಲ್ಲ ಕೇರಿಗಳಲ್ಲೂ ಹನ್ನೆರಡು ತಿಂಗಳಿನದಾಯಿತು. ಊರಿನ ಮೊಸರು ಎಂದೂ ಇಷ್ಟು ಗಟ್ಟಿಯಾಗಿರಲಿಲ್ಲವೆಂದು ಪುರಸಭೆಯವರು ಡಂಗುರ ಹೊಡೆಸಿದರು. ಚರಂಡಿ ಹಾಗೇ ಹರಿಯುತ್ತಿದೆ, ಇವತ್ತು ನೋಡಿದಾಗ ನೇರಳೆ ಬಣ್ಣ.

ಚಂದ್ರಿಯನ್ನು ಕೇಳುವವರು ಯಾರೂ ಬರಲಿಲ್ಲ. ಸುಭದ್ರೆ ಹಾಸಿಗೆಯಲ್ಲೇ ಮಲಗಿ ಇದಕ್ಕೂ ಒಂದು ದಾರಿ ಹುಡುಕಿದಳು. ಅವಳ ಅಣ್ಣ ಹೊಳೆಯಾಚೆಯ ಕೇರಿಯಲ್ಲಿದ್ದ. ಅವನಿಗೆ ಹೇಳಿ ಕಳುಹಿಸಿ ಚಂದ್ರಿಯನ್ನು ಅವನ ಮನೆಗೆ ಕಳಿಸಿದಳು. ಅಲ್ಲಿ ಅವಳು ಸೋದರಮಾವನ ಸ್ವಂತ ಮಗಳೆಂದೇ ಹೇಳಿ, ಹೊಸದಾಗಿ ಬಂದು ನೆಲೆಸಿದ ಒಂದು ಮನೆತನಕ್ಕೆ ಗೊತ್ತುಮಾಡಿದರು. ಅವರಿಗೆ ಗಾಣದ ಕೇರಿಯ ಹೆಸರು ಗೊತ್ತಿತ್ತು, ಚಂದ್ರಿ ಅಲ್ಲಿಯವಳೆಂದು ಗೊತ್ತಿರಲಿಲ್ಲ. ಮದುವೆಗೆ ನಾವು ಯಾರೂ ಹೋಗಲಿಲ್ಲ, ಹೋಗುವ ಹಾಗಿರಲಿಲ್ಲ. ಆ ದಿನ ಸುಭದ್ರೆ ನನ್ನಿಂದ ಜಡೆ ಹಾಕಿಸಿಕೊಂಡು ಹೂ ಮುಡಿದು ಹಾಸಿಗೆಯಲ್ಲಿ ದಿಂಬಿಗೆ ಒರಗಿ ಕೂತಳು. ಕೂದಲು ಬಹಳ ಉಳಿದಿರಲಿಲ್ಲ. ಮುಹೂರ್ತದ ಹೊತ್ತಿಗೆ ರಂಗಪ್ಪನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ಇಬ್ಬರೂ ಬಾಗಿಲ ಕಡೆ ಅಕ್ಷತೆ ಹಾಕಿದರು. ನಾನು ಆಮೇಲೆ ಆ ಅಕ್ಕಿಯನ್ನು ಗುಡಿಸಲು ಹೋಗಿ ಗುಡಿಸಲಾರದೆ ಬಿಟ್ಟೆ.

ಕಾರ್ತಿಕದಲ್ಲಿ ಒಂದು ಬೆಳಗ್ಗೆ ಸುಭದ್ರೆ ಹೋದಳು. ನಲವತ್ತೆರಡು ವಯಸ್ಸು. ಕೊನೆಯ ವಾರ ನನ್ನ ಕೈ ಹಿಡಿದುಕೊಂಡೇ ಇದ್ದಳು, ಮಾತಾಡಲಿಲ್ಲ. ಕ್ಷಮಿಸಿದಳೋ, ಹಿಡಿಯಲು ಬೇರೆ ಕೈ ಇರಲಿಲ್ಲವೋ ನನಗೆ ಗೊತ್ತಿಲ್ಲ. ರಂಗಪ್ಪ ಹೊರಗೆ ಜಗಲಿಯ ಮೇಲೆ ಕೂತವನು, ‘ಅತ್ತಿಗೆ, ಚಂದ್ರಿಗೆ ಹೇಳಬೇಕಲ್ಲ. ಮುಖ ನೋಡಲಿ,’ ಎಂದ. ನಾನೇ ಹೊರಟೆ. ಹೊಳೆ ದಾಟಿ, ಮನೆ ವಿಚಾರಿಸಿಕೊಂಡು ಹೋಗುವಷ್ಟರಲ್ಲಿ ಬಿಸಿಲು ಏರಿತ್ತು.

ಚಂದ್ರಿ ಮನೆಯ ಮುಂದೆಯೇ ಇದ್ದಳು, ಅಂಗಳದಲ್ಲಿ ಸಂಡಿಗೆ ಹಾಕುತ್ತಿದ್ದಳು. ಐದು ತಿಂಗಳ ಬಸುರಿ ಎಂದು ನನಗೆ ಆಗಲೇ ತಿಳಿದದ್ದು. ನನ್ನನ್ನು ಕಂಡ ಕೂಡಲೇ ಅವಳ ಕೈ ನಿಂತಿತು. ನಾನು ಏನೂ ಹೇಳಬೇಕಾಗಲಿಲ್ಲ. ಅಕ್ಕಪಕ್ಕದ ಮನೆಯ ಹೆಂಗಸರು ತಮ್ಮ ತಮ್ಮ ಜಗಲಿಯಿಂದ ನೋಡುತ್ತಿದ್ದರು. ಅವಳ ಅತ್ತೆ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದರು. ಒಳ್ಳೆಯ ಮುಖದ ಹೆಂಗಸು.

‘ಯಾರೇ ಇವರು?’

‘ನಮ್ಮ ಕಡೆಯೋರು ಅತ್ತೆ,’ ಎಂದಳು ಚಂದ್ರಿ. ‘ನಮ್ಮ ದೂರದ ನೆಂಟರಲ್ಲಿ ಒಬ್ಬರು ಅಜ್ಜಿ ಹೋಗ್ಬಿಟ್ರಂತೆ. ಹೇಳಕ್ಕೆ ಬಂದಿದಾರೆ.’

‘ಅಯ್ಯೋ ಪಾಪ. ಏನಾಗಿತ್ತಮ್ಮ?’ ಎಂದು ಆಕೆ ನನ್ನನ್ನು ಕೇಳಿದರು.

ಪಕ್ಕದ ಜಗಲಿಯವರೂ ಕಿವಿಗೊಟ್ಟರು. ಚಂದ್ರಿ ನನ್ನ ಮುಖ ನೋಡಿದಳು. ಊರಿಗೆ ಊರೇ ನೆರೆದಿದ್ದ ಚಪ್ಪರದಲ್ಲಿ ಕಿರುಚಿದ ಬಾಯಿ ಇದೇ.

‘ವಯಸ್ಸಾಗಿತ್ತು,’ ಎಂದೆ.

‘ಪುಣ್ಯವಂತರು ಬಿಡಿ, ವಯಸ್ಸಾಗಿ ಹೋಗೋದು ಎಷ್ಟು ಜನಕ್ಕೆ ಸಿಗತ್ತೆ,’ ಎಂದು ಆಕೆ ಒಳಗೆ ಹೋದರು.

ನಾನು ತಗ್ಗಿದ ದನಿಯಲ್ಲಿ, ‘ಒಂದು ಸಲ ಮುಖ ನೋಡಿಬಿಡು ಬಾರೇ. ಏನಾದರೂ ನೆಪ ಹೇಳು. ಕಾಯ್ತಾರೆ,’ ಎಂದೆ.

‘ಆಗಲ್ಲ ದೊಡ್ಡಮ್ಮ. ಇನ್ನೊಂದು ಸಲ ಇಲ್ಲಿಗೆ ಬರಬೇಡ,’ ಎಂದಳು. ಸಂಡಿಗೆಯ ಹಿಟ್ಟು ಹತ್ತಿದ ಕೈಯಿಂದಲೇ ನನ್ನ ಕೈ ಒಮ್ಮೆ ಹಿಡಿದು ಬಿಟ್ಟಳು. ‘ಹೋಗು. ನಾನು ಬಚ್ಚಲಲ್ಲಿ ಅತ್ಕೋತೀನಿ.’

ನಾನು ಬೀದಿಗೆ ಇಳಿದೆ. ಗೋಡೆಯ ಪಕ್ಕ ಹಾದುಹೋಗುವಾಗ ಒಳಗೆ ತಂಬಿಗೆಯ ಮೇಲೆ ತಂಬಿಗೆ ನೀರು ಸುರಿಯುವ ಸದ್ದು ಕೇಳಿಸಿತು. ‘ಇದೇನೇ ಇದು, ಬೆಳಗ್ಗೆ ಸ್ನಾನ ಆಯ್ತಲ್ಲೇ, ಬಸುರಿ ಹೆಂಗಸು, ತಲೆಗೆ ಬೇರೆ ಹಾಕ್ಕೋತಿದೀಯ!’ ಎಂದು ಅವಳ ಅತ್ತೆ ಬಾಗಿಲು ಬಡಿಯುತ್ತಿದ್ದರು.